ಭಾವನ ಪಿಕಪ್‌ಗೆ ಯಾವ ಟೈರ್? ಮೂಡಿಗೆರೆ ಕಡೆಯ ಒಂದು ಪ್ರಕರಣ

ಹೋದ ವರ್ಷ ಮೃಗಶಿರಾ ಮಳೆ ಹಿಡಿದುಕೊಂಡಿದ್ದ ಹೊತ್ತಿನಲ್ಲಿ ಭಾವನ ಫೋನ್ ಬಂತು. "ಗಾಡಿ ಹಳ್ಳದ ದಾರೀಲಿ ಹೂತು ಕೂತಿದೆ ಮಾರಾಯ. ಟ್ರ್ಯಾಕ್ಟರ್‌ಗೆ ಹೇಳಿ ಕಳಿಸಿದ್ದೀನಿ. ಈ ಸಲ ಟೈರ್ ಬದಲಾಯಿಸೋದೇ. ಶಿಕಾರಿ ಗಾಡಿಗೆ ಹಾಕ್ತಾರಲ್ಲ, ಅಂಥದ್ದೇ ಬೇಕು."

ಭಾವನ ತೋಟ ಕೊಟ್ಟಿಗೆಹಾರದಿಂದ ಒಳಗೆ. ಅರೇಬಿಕಾ ಸ್ವಲ್ಪ, ರೋಬಸ್ಟಾ ಜಾಸ್ತಿ, ನಡುವೆ ಮೆಣಸು. ಗಾಡಿ ಡಬಲ್ ಕ್ಯಾಬಿನ್ ಪಿಕಪ್, ಫೋರ್ ವೀಲ್ ಡ್ರೈವ್ ಇದೆ. ಟೈರ್ ಅಳತೆ 245/70 ಆರ್ 16. ಗಾಡಿ ಜೊತೆಗೇ ಬಂದ ಎಚ್‌ಟಿ ಟೈರ್‌ಗಳು, ಅಂದರೆ ಹೈವೇಗೆ ಅಂತ ಮಾಡಿದ್ದು. ಐವತ್ತು ಸಾವಿರ ಕಿಲೋಮೀಟರ್ ದಾಟಿತ್ತು. ನಾನು ಮೂಡಿಗೆರೆಯಲ್ಲಿ ಗಾಡಿ ಬಿಡಿಭಾಗದ ಅಂಗಡಿ ಇಟ್ಟುಕೊಂಡಿದ್ದೇನೆ. ಟೈರ್ ಮಾರುವುದಿಲ್ಲ. ಹಾಗಾಗಿ ಟೈರ್ ವಿಷಯದಲ್ಲಿ ಇವನ ಮಾತಿಗೆ ಕಮಿಷನ್ ಇಲ್ಲ ಅಂತ ಜನಕ್ಕೆ ನಂಬಿಕೆ. ಭಾವನಿಗೆ ಅಷ್ಟೊಂದಿಲ್ಲ.

ಶಿಕಾರಿ ಗಾಡಿ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಶಿಕಾರಿ ಈಗ ಬರೀ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಹಿಡಿದು ಕಾಡಿಗೆ ಹೋಗುವ ಕಾಲ ಮುಗಿಯಿತು. ಕಾಡುಕುರಿ ಹೊಡೆದರೂ ಕೇಸು, ಜೈಲು. ಹೋಗಲೂಬಾರದು ಬಿಡಿ. ಆದರೆ ಭಾವನ ಮೊಬೈಲ್ ತುಂಬಾ ಅಮೆರಿಕದ ವಿಡಿಯೋಗಳು. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಲೈಸೆನ್ಸ್ ತೆಗೆದುಕೊಂಡು ಸೀಸನ್‌ನಲ್ಲಿ ಜಿಂಕೆ ಹೊಡೆಯಲು ಹೋಗಬಹುದು. ಅದಕ್ಕೆ ಪಿಕಪ್ ಬೇಕು, ಪಿಕಪ್‌ಗೆ ದೊಡ್ಡ ಬಟನ್ ಟೈರ್, ಅಂದರೆ ಮೈಮೇಲೆ ದಪ್ಪ ದಪ್ಪ ರಬ್ಬರ್ ಗಡ್ಡೆ ಇರುವ ಟೈರ್ ಬೇಕು. ವಿಡಿಯೋದಲ್ಲಿ ಗಾಡಿ ಹಿಮ ಒದ್ದುಕೊಂಡು ಗುಡ್ಡ ಹತ್ತುತ್ತದೆ. ಭಾವ ಅದನ್ನು ನೋಡಿ ನಮ್ಮ ಹಳ್ಳದ ದಾರಿ ನೆನೆಸಿಕೊಳ್ಳುತ್ತಾರೆ.

ಇಲ್ಲೇ ಎಡವಟ್ಟಾಗುವುದು. ಕೊಲೊರಾಡೊ, ಮೊಂಟಾನಾ ಕಡೆ ಶಿಕಾರಿ ಸೀಸನ್ ಚಳಿ ಶುರುವಾಗುವ ಹೊತ್ತಿಗೆ. ದಾರಿ ಜಲ್ಲಿ, ಇಲ್ಲವೇ ಹಿಮ. ಆ ಟೈರ್‌ಗಳ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು ಇರುವ ಗುರುತು ಇರುತ್ತದೆ. ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾದದ್ದು ಅಂತ ಅರ್ಥ. ಆಶ್ಲೇಷ ಮಳೆಯ ಕೆಸರಿನಲ್ಲಿ ಆ ಗುರುತು ಹಣೆಗೆ ಕುಂಕುಮ ಇಟ್ಟ ಹಾಗೆ. ಚೆನ್ನಾಗಿ ಕಾಣುತ್ತದೆ, ಅಷ್ಟೆ.

ನಾನು ಭಾವನಿಗೆ ಹೇಳಿದ್ದು ಒಂದೇ. "ಒಂದು ತಿಂಗಳು ತಡೀರಿ. ಗಾಡಿ ಎಲ್ಲೆಲ್ಲಿ ಎಷ್ಟು ಓಡುತ್ತೆ ಅಂತ ಬರೆದಿಡಿ."

ಒಂದು ತಿಂಗಳ ಲೆಕ್ಕ

ಬರೆದದ್ದು ಭಾವ ಅಲ್ಲ, ತೋಟದ ರೈಟರ್. ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ. ತಿಂಗಳ ಕೊನೆಗೆ ಒಟ್ಟು 1,420 ಕಿಲೋಮೀಟರ್ ಆಗಿತ್ತು. ಅದರಲ್ಲಿ ಟಾರ್ ರಸ್ತೆ 1,190. ತೋಟದ ಕಲ್ಲು ರಸ್ತೆ 195. ನಿಜವಾದ ಕೆಸರು 35.

ನೂರಕ್ಕೆ ಎರಡೂವರೆ ಪಾಲು ಕೆಸರು. ಇಷ್ಟಕ್ಕೆ ಬಟನ್ ಟೈರ್ ಯಾಕೆ ಅಂತ ನಾನು ಆಗಲೇ ತೀರ್ಮಾನ ಹೇಳಿಬಿಡಬಹುದಿತ್ತು. ಭಾವ ಬಿಡಲಿಲ್ಲ. "ಆ ಮೂವತ್ತೈದರಲ್ಲೇ ನಾಲ್ಕು ಸಲ ಹೂತಿದೆ. ರಾತ್ರಿ ಆನೆ ಬಂದಾಗ ಲೈನ್ ಮನೆ ಕೂಲಿಯವರನ್ನ ಮೇಲೆ ಕರ್ಕೊಂಡು ಬರೋಕೆ ಇರೋದು ಅದೊಂದೇ ದಾರಿ. ಪರ್ಸೆಂಟ್ ಲೆಕ್ಕ ಆನೆಗೆ ಹೇಳು." ಮಾತು ಸರಿ ಇತ್ತು. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ತೋಟ ಇರುವವರಿಗೆ ಆನೆ ಅಂದರೆ ತಮಾಷೆಯಲ್ಲ.

ಹಾಗಾಗಿ ಆ ನಾಲ್ಕು ಸಲ ಏನಾಯಿತು ಅಂತ ಡ್ರೈವರ್‌ನನ್ನು ಕೂರಿಸಿಕೊಂಡು ಕೇಳಿದೆ. ನಲವತ್ತು ವರ್ಷ ಜೀಪ್ ಓಡಿಸಿದ ಮನುಷ್ಯ, ಎಲ್ಲರೂ ಅಣ್ಣ ಅನ್ನುವುದು. ಎರಡು ಸಲ ಗಾಡಿ ಹೂತ ಮೇಲೆ ಫೋರ್ ವೀಲ್ ಹಾಕಿದ್ದರು. ಎರಡೂ ಸಲ ಸ್ಟೀರಿಂಗ್ ಭಾವನ ಕೈಯಲ್ಲಿತ್ತು. ಅಣ್ಣ ಇದನ್ನು ಹೇಳುವಾಗ ನೆಲ ನೋಡುತ್ತಿದ್ದ. ಒಂದು ಸಲ ಹಿಂದಿನ ಡಬ್ಬಿ ಪೂರ್ತಿ ಖಾಲಿ ಇತ್ತು, ಹಿಂದಿನ ಚಕ್ರಕ್ಕೆ ಭಾರವೇ ಇಲ್ಲದೆ ಸುಮ್ನೆ ತಿರುಗಿತು. ನಾಲ್ಕನೇದು ಗದ್ದೆ ಬದಿಯ ಜೇಡಿ. ಅಲ್ಲಿ ಎಮ್ಮೆಯೂ ಹೂಳುತ್ತದೆ. ಇನ್ನು ನಾಲ್ಕೂ ಸಲ ಗಾಳಿ 36 ಪಿಎಸ್‌ಐ. ತುಂಬಿಸಿದ್ದು ಪೆಟ್ರೋಲ್ ಬಂಕ್‌ನಲ್ಲಿ, ಇಳಿಸಿದ್ದೇ ಇಲ್ಲ.

ಟೈರ್‌ನ ಸಂದುಗಳ ಒಳಗೆ ಅಲ್ಲಲ್ಲಿ ಅಡ್ಡ ಉಬ್ಬು ಇರುತ್ತದೆ, ಸವೆತದ ಗುರುತು. ಅದರ ಎತ್ತರ 1.6 ಮಿಲಿಮೀಟರ್. ಗ್ರಿಪ್ ಸವೆದು ಅದಕ್ಕೆ ಸಮ ಆದರೆ ಟೈರ್ ಮುಗಿದ ಹಾಗೆ. ಭಾವನ ಹಿಂದಿನ ಎರಡು ಟೈರ್ ಸಮ ಆಗಲು ಕೂದಲೆಳೆ ಬಾಕಿ. ಅಂದಮೇಲೆ ಬದಲಾಯಿಸಬೇಕು ಅನ್ನುವುದರಲ್ಲಿ ಎರಡು ಮಾತಿರಲಿಲ್ಲ. ಯಾವುದು ಅನ್ನುವುದಷ್ಟೇ ಜಗಳ.

ಎಂಟಿ ಯಾಕೆ ಬೇಡ ಅಂದೆ

ಭಾವ ಮನಸ್ಸಲ್ಲಿ ಇಟ್ಟುಕೊಂಡಿದ್ದು 265/75 ಆರ್ 16, ಎಂಟಿ. ಮಡ್ ಟೆರೇನ್. ದಪ್ಪ ಬಟನ್, ನಡುವೆ ಅಗಲ ಸಂದು. ಲೆಕ್ಕ ಹಾಕಿ ತೋರಿಸಿದೆ. ಈಗಿನ ಟೈರ್ ಅಗಲ 245 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 70, ರಿಮ್ 16 ಇಂಚು. ಒಟ್ಟು ಎತ್ತರ ಸುಮಾರು 749 ಮಿಲಿಮೀಟರ್. ಹೊಸದು 804. ನೆಲದಿಂದ ಗಾಡಿ ಏಳುವುದು ಇದರ ವ್ಯತ್ಯಾಸದ ಅರ್ಧ, ಎರಡೂ ಮುಕ್ಕಾಲು ಸೆಂಟಿಮೀಟರ್. ಬೆರಳಿನಷ್ಟು. ಇಷ್ಟಕ್ಕೆ ಕೊಡಬೇಕಾದ ಬೆಲೆ ಏನು? ಮೀಟರ್‌ನಲ್ಲಿ 60 ಕಂಡಾಗ ಗಾಡಿ 64 ದಾಟಿ ಓಡುತ್ತಿರುತ್ತದೆ. ಎಲ್ಲ ಗೇರೂ ಒಂದು ಮಟ್ಟ ಉದ್ದ ಆದ ಹಾಗೆ, ಏರಿನಲ್ಲಿ ಎಳೆತ ಕಡಿಮೆ. ಪೂರ್ತಿ ಸ್ಟೀರಿಂಗ್ ತಿರುಗಿಸಿದರೆ ಒಳಗಿನ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. ಅಪಘಾತ ಆದ ದಿನ ಇನ್ಶೂರೆನ್ಸ್‌ನವರಿಗೆ ಇದು ನೆನಪಾಗುತ್ತದೆ.

"ಹಂಗಾದ್ರೆ ಹಿಂದಿನ ಎರಡಕ್ಕೆ ಮಾತ್ರ ದೊಡ್ಡದು ಹಾಕೋಣ." ಇದು ಇನ್ನೂ ಅಪಾಯ. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಹಿಂದೆ ದೊಡ್ಡ ಚಕ್ರ, ಮುಂದೆ ಚಿಕ್ಕದು ಆದರೆ ಒಂದನ್ನೊಂದು ಎಳೆದಾಡುತ್ತವೆ. ಕೆಸರಿನಲ್ಲಿ ಜಾರಿ ಸರಿಹೋಗಬಹುದು. ಗಟ್ಟಿ ನೆಲದಲ್ಲಿ, ಎರಡೂ ಶಾಫ್ಟ್‌ಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಹಲ್ಲು ಕಡಿಯುತ್ತದೆ. ಅಂಥ ಒಂದು ಗೇರ್ ನನ್ನ ಅಂಗಡಿಯಲ್ಲೇ ಇದೆ, ಪೇಪರ್ ಮೇಲೆ ಭಾರ ಇಡಲು ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಹೇಳಿದರೂ ಭಾವನ ಮನಸ್ಸು ತಿರುಗಿಸಿದ್ದು ಇದಾವುದೂ ಅಲ್ಲ. ಚಾರ್ಮಾಡಿ. ಅವರ ಮಗಳು ಓದುತ್ತಿರುವುದು ಉಜಿರೆಯಲ್ಲಿ. ಶನಿವಾರ ಘಾಟಿ ಇಳಿದು ಕರೆತರುವುದು, ಭಾನುವಾರ ಸಂಜೆ ಬಿಟ್ಟು ಬರುವುದು. ರೈಟರ್ ಪುಸ್ತಕದಲ್ಲಿ ಆ ತಿಂಗಳು ಘಾಟಿ ಇಳಿದದ್ದು ಎಂಟು ಸಲ. ಎಂಟಿಯ ಬಟನ್‌ಗಳ ನಡುವೆ ಸಂದು ಜಾಸ್ತಿ ಅಂದರೆ ರಸ್ತೆಗೆ ತಾಗುವ ರಬ್ಬರ್ ಕಡಿಮೆ ಅಂತಲೇ ಅರ್ಥ. ಒದ್ದೆ ಟಾರ್‌ನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಇನ್ನೊಂದಿಷ್ಟು ದೂರ ಹೋಗಿಯೇ ನಿಲ್ಲುವುದು. ಮಂಜು, ಮಳೆ, ತಿರುವು, ಎದುರಿಗೆ ಬಸ್ಸು. ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ. ಅಕ್ಕ ಅಡುಗೆಮನೆಯಿಂದಲೇ ಹೇಳಿದಳು, "ಆ ಟೈರ್ ಹಾಕಿದ್ರೆ ನನ್ನ ಮಗಳು ಬಸ್ಸಲ್ಲಿ ಬರ್ತಾಳೆ."

ಎಂಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಸಕಲೇಶಪುರ ಕಡೆ ಆಫ್‌ರೋಡ್ ಸ್ಪರ್ಧೆಗೆ ಹೋಗುವ ಹುಡುಗರ ಜೀಪ್‌ಗೆ ಅದೇ ಸರಿ. ಅವರ ಜೀಪ್ ಉಳಿದ ದಿನ ಶೆಡ್ಡಿನಲ್ಲಿರುತ್ತದೆ.

ನಮ್ಮ ಕೆಸರು

ಅಜ್ಜನ ಜೀಪ್ ನೆನಪಿಗೆ ಬರುತ್ತದೆ. ಅದಕ್ಕೆ ಇದ್ದದ್ದು 6.00-16 ಅಳತೆಯ ಟೈರ್. ಸಪೂರ, ಎತ್ತರ. ಈಗಿನವರು ನೋಡಿದರೆ ಸ್ಕೂಟರ್ ಟೈರಾ ಅಂತಾರೆ. ಅಜ್ಜ ನಿಜವಾದ ಶಿಕಾರಿ ಕಾಲದವರು. ಅದೇ ಟೈರ್‌ನಲ್ಲಿ ಈ ಗುಡ್ಡವೆಲ್ಲ ಸುತ್ತಿದ್ದರು. ಅದು ಹೇಗೆ ಸಾಧ್ಯ ಅಂತ ಭಾವನಿಗೆ ಆಶ್ಚರ್ಯ. ಉತ್ತರ ಮಣ್ಣಿನಲ್ಲಿದೆ.

ನಮ್ಮ ತೋಟದ ರಸ್ತೆಗಳಲ್ಲಿ ಮೇಲೆ ನಾಲ್ಕು ಬೆರಳು ಕೆಂಪು ರಾಡಿ, ಕೆಳಗೆ ಜಂಬಿಟ್ಟಿಗೆ, ಗಟ್ಟಿ. ಸಪೂರ ಟೈರ್ ರಾಡಿಯನ್ನು ಕತ್ತರಿಸಿಕೊಂಡು ಕೆಳಗಿನ ಗಟ್ಟಿ ಹಿಡಿಯುತ್ತದೆ. ಅಗಲ ಟೈರ್ ರಾಡಿ ಮೇಲೆಯೇ ತೇಲಿ ಜಾರುತ್ತದೆ. ಗದ್ದೆ ಬದಿಯಲ್ಲಿ ಉಲ್ಟಾ. ಅಲ್ಲಿ ಕೆಳಗೆ ಗಟ್ಟಿಯೇ ಇಲ್ಲ, ಜೇಡಿ. ಅಲ್ಲಿ ಅಗಲ ಬೇಕು. ಮೂರನೇದು ಪಾಚಿ ಹಿಡಿದ ಕರಿಕಲ್ಲು. ಅದಕ್ಕೆ ಬಟನ್ ದಪ್ಪ ಇದ್ದರೆ ಪ್ರಯೋಜನವಿಲ್ಲ. ಮೆತ್ತಗಿನ ರಬ್ಬರ್, ಸಣ್ಣ ಸಣ್ಣ ಸೀಳು ಬೇಕು. ಇದು ಮೂರಕ್ಕೂ ಒಂದೇ ಟೈರ್ ಅಂತ ಯಾರಾದರೂ ಹೇಳಿದರೆ ಅವರು ಮಾರುವವರು.

ಎಂಟಿಯ ಅಗಲ ಸಂದಿನ ಗುಣ ಇರುವುದು ಕೆಸರನ್ನು ತಾನೇ ಎಸೆದುಕೊಳ್ಳುವುದರಲ್ಲಿ. ಆದರೆ ಎಸೆಯಬೇಕಾದರೆ ಚಕ್ರ ಜೋರಾಗಿ ತಿರುಗಬೇಕು. ತೋಟದ ಏರಿನಲ್ಲಿ ಹಾಗೆ ತಿರುಗಿಸಿದರೆ ರಸ್ತೆಯೇ ಗುಂಡಿ ಬೀಳುತ್ತದೆ. ಮರುದಿನ ಅದೇ ಗುಂಡಿಗೆ ಕಲ್ಲು ತುಂಬಲು ಎರಡಾಳು. ಅದರ ಬದಲು ನಾನು ಹೇಳಿದ್ದು ಎಟಿ, ಅಂದರೆ ಆಲ್ ಟೆರೇನ್, ಟಾರ್‌ಗೂ ಮಣ್ಣಿಗೂ ಅಂತ ಮಾಡಿದ್ದು. ಎಟಿಯ ಸಂದು ಚಿಕ್ಕದು. ಅಂಟು ಮಣ್ಣಾದರೆ ಹತ್ತು ಸುತ್ತಿಗೆ ತುಂಬಿಕೊಂಡು ಟೈರ್ ಅಕ್ಕಿ ಕಡುಬಿನ ಹಾಗೆ ನುಣ್ಣಗಾಗುತ್ತದೆ. ಇದನ್ನು ಭಾವನಿಗೆ ಮೊದಲೇ ಹೇಳಿದ್ದೆ. ಆಮೇಲೆ ನನ್ನ ಮೇಲೆ ಬರಬಾರದಲ್ಲ.

ಆರಿಸಿದ್ದು

ಕೊನೆಗೆ ಅದೇ 245/70 ಆರ್ 16 ಅಳತೆಯಲ್ಲಿ ಎಟಿ, ಐದು ಟೈರ್. ಸ್ಟೆಪ್ನಿ ಸೇರಿಸಿ ಐದೂ ಒಂದೇ. ಅಪೊಲೊ, ಸಿಯೆಟ್, ಯೊಕೊಹಾಮಾ ಎಲ್ಲರೂ ಎಟಿ ಮಾಡುತ್ತಾರೆ. ಯಾವ ಕಂಪನಿ ಅನ್ನುವುದಕ್ಕಿಂತ ಟೈರ್ ಪಕ್ಕದಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ.

ಮೊದಲು ಭಾರ. ಕಾಫಿ ಸೀಸನ್‌ನಲ್ಲಿ ಭಾವ 50 ಕಿಲೋದ ಹದಿನೈದು ಚೀಲ ಹಾಕುತ್ತಾರೆ. ಹಾಗೆ ತುಂಬಿಸಿಯೇ ವೇಬ್ರಿಜ್‌ಗೆ ಒಯ್ದು ಹಿಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿದೆವು. 1,640 ಕಿಲೋ. ಒಂದು ಟೈರ್‌ಗೆ 820. ಟೈರ್ ಪಕ್ಕದಲ್ಲಿ ಬರೆದಿರುವ ಭಾರದ ಅಂಕಿ, ಲೋಡ್ ಇಂಡೆಕ್ಸ್, 100 ಇದ್ದರೆ ಆ ಟೈರ್ ಹೊರುವುದು 800 ಕಿಲೋ, ಸಾಲದು. 107 ಇದ್ದರೆ 975. ನಾವು 107 ಆರಿಸಿದೆವು.

ಆಮೇಲೆ ವಯಸ್ಸು. ಪಕ್ಕದಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 3822 ಅಂದರೆ 2022ನೇ ಇಸವಿಯ 38ನೇ ವಾರ ತಯಾರಾದದ್ದು. ಟೈರ್ ಇಳಿಸಿದ ಅಂಗಡಿಯಲ್ಲಿ ಐದರಲ್ಲಿ ನಾಲ್ಕು ಹೊಸದು. ಐದನೇದು ಎರಡು ವರ್ಷ ಹಳೇದು, ಅದನ್ನು ಅಂಕಿ ಗೋಡೆ ಕಡೆ ಬರುವ ಹಾಗೆ ಒರಗಿಸಿಟ್ಟಿದ್ದರು. "ಸ್ಟೆಪ್ನಿಗೆ ತಾನೆ ಸಾರ್" ಅಂದರು. ಐದನ್ನೂ ಸರದಿ ಮೇಲೆ ಓಡಿಸುವವರಿಗೆ ಸ್ಟೆಪ್ನಿ ಅಂತ ಬೇರೆ ಇರುವುದಿಲ್ಲ. ಬದಲಾಯಿಸಿಕೊಂಡೆವು. ಎರಡು ದಿನ ತಡವಾಯಿತು, ಚಿಂತೆಯಿಲ್ಲ.

ನಾನು ತಪ್ಪಿದ್ದು ಒಂದು ಕಡೆ. ಎಟಿಯಲ್ಲೂ ಎರಡು ಜಾತಿ. ಎಸ್‌ಯುವಿಗೆ ಮಾಡಿದ ಹಗುರದ್ದು ಮತ್ತು ಎಲ್‌ಟಿ ಅಂತ ಬರೆದಿರುವ, ಪಕ್ಕದ ಗೋಡೆ ಗಟ್ಟಿ ಇರುವ ಲಘು ಟ್ರಕ್‌ನ ಟೈರ್. ಎಲ್‌ಟಿ ಹಾಕಿದರೆ ಖಾಲಿ ಗಾಡಿ ಕುಣಿಯುತ್ತದೆ, ಡೀಸೆಲ್ ಕುಡಿಯುತ್ತದೆ ಅಂತ ನಾನೇ ಹಗುರದ್ದು ಹೇಳಿದೆ. ಅದರ ಫಲ ಡಿಸೆಂಬರ್‌ನಲ್ಲಿ ಬಂತು.

ಕಣದ ಮೇಲೆ ಸೀಮೆಸುಣ್ಣ

ಟೈರ್ ಹಾಕಿದ ದಿನ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಭಾವನಿಗೆ ಗಾಳಿ ಇಳಿಸುವ ವಿಷಯ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಗಾಡಿಯನ್ನು ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ನಿಲ್ಲಿಸಿದೆವು. ಮುಂದಿನ ಎಡ ಚಕ್ರದಲ್ಲಿ 34 ಪಿಎಸ್‌ಐ. ಟೈರ್ ನೆಲಕ್ಕೆ ತಾಗುವಲ್ಲಿ ಹಿಂದೆ ಒಂದು, ಮುಂದೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ, ಅದು ನಿಂತ ಕಡೆ ಸೀಮೆಸುಣ್ಣದ ಗೆರೆ ಎಳೆದೆ. ಎರಡು ಗೆರೆಯ ನಡುವೆ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಆಮೇಲೆ ವಾಲ್ವ್ ಒತ್ತಿ ಗಾಳಿ ಬಿಟ್ಟು 20ಕ್ಕೆ ಇಳಿಸಿದೆ. ಮತ್ತೆ ಕಾರ್ಡ್, ಮತ್ತೆ ಗೆರೆ. ಈಗ ಒಂದು ಗೇಣಿನ ಮೇಲೆ ಎರಡು ಬೆರಳು.

ಭಾವ ಬಗ್ಗಿ ತಾವೇ ಗೇಣು ಹಾಕಿ ನೋಡಿದರು. "ದುಡ್ಡಿಲ್ಲದೆ ನಾಲ್ಕು ಬೆರಳು ಟೈರ್ ಜಾಸ್ತಿ ಆಯ್ತಲ್ಲೋ" ಅಂದರು. ನಾಲ್ಕು ಚಕ್ರಕ್ಕೆ ಹದಿನಾರು. ಅಷ್ಟು ರಬ್ಬರ್ ಹೆಚ್ಚಿಗೆ ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಟೈರ್ ಮೆತ್ತಗೆ ಸುತ್ತಿಕೊಳ್ಳುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ಮತ್ತೆ ಟಾರ್‌ಗೆ ಹತ್ತುವ ಮೊದಲು ಗಾಳಿ ತುಂಬಲೇಬೇಕು, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಹಾಳು. ಅದಕ್ಕೆ ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟ್ ಪಂಪ್ ಸಾಕು. ಉಣುಗೋಲಿನ ಹತ್ತಿರ ನಿಂತು ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎರಡು ಚಕ್ರ ತುಂಬುತ್ತದೆ.

ಆಮೇಲೆ ಆದದ್ದು

ಪುಷ್ಯ ಮಳೆ ಪೂರ್ತಿ ಗಾಡಿ ಹೂಳಲಿಲ್ಲ. 20 ಪಿಎಸ್‌ಐ, ಇಳಿಜಾರು ಶುರುವಾಗುವ ಮೊದಲೇ ಫೋರ್ ವೀಲ್ ಲೋ, ಹಿಂದಿನ ಡಬ್ಬಿಯಲ್ಲಿ ನಾಲ್ಕು ಮರಳು ಚೀಲ. ಇದರಲ್ಲಿ ಟೈರ್‌ನ ಪಾಲು ಎಷ್ಟು, ಮರಳಿನ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಹಳೇ ಟೈರ್‌ನಲ್ಲೇ ಇಷ್ಟು ಮಾಡಿದ್ದರೂ ನಾಲ್ಕರಲ್ಲಿ ಎರಡು ಸಲ ಉಳಿಯುತ್ತಿತ್ತು ಅಂತ ಅಣ್ಣನ ಲೆಕ್ಕ. ನನ್ನದೂ ಅದೇ.

ಆಶ್ಲೇಷದಲ್ಲಿ ಕಡುಬಾಯಿತು. ಹಳ್ಳದಿಂದ ಮೇಲೆ ಹತ್ತುವ ತಿರುವಿನಲ್ಲಿ, ಅಂಟು ಜೇಡಿ. ಟೈರ್ ತುಂಬಿಕೊಂಡು ನುಣ್ಣಗಾಗಿ ಗಾಡಿ ಹಿಂದಕ್ಕೆ ಜಾರಿ ದರೆಗೆ ಒರಗಿತು. ಭಾವ ಫೋನಿನಲ್ಲಿ ಒಂದೇ ಮಾತು, "ಎಂಟಿ ಇದ್ದಿದ್ರೆ?" ಹತ್ತುತ್ತಿತ್ತೋ ಏನೋ. ಹತ್ತುತ್ತಿತ್ತು ಅಂತಲೇ ಇಟ್ಟುಕೊಳ್ಳಿ. ಮಾರನೇ ದಿನ ಅಣ್ಣ ತನ್ನ ಹಳೇ ಜೀಪಿನ ಚೈನ್ ತಂದ. ಮಲೆನಾಡಿನಲ್ಲಿ ಜೀಪ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟಿಯೇ ಓಡಿಸುವುದು. ಪಿಕಪ್ ಅಳತೆಗೆ ಹಾಸನದಲ್ಲಿ ಒಂದು ಜೊತೆ ಮಾಡಿಸಿದೆವು. ಹಿಂದಿನ ಚಕ್ರಕ್ಕೆ ಕಟ್ಟಿದರೆ ಅದೇ ತಿರುವನ್ನು ಗಾಡಿ ಎತ್ತಿನ ಹಾಗೆ ಹತ್ತುತ್ತದೆ. ಕಟ್ಟಲು ಹದಿನೈದು ನಿಮಿಷ, ಕಂಬಳಿ ಕೊಪ್ಪೆ ಹಾಕಿಕೊಂಡು ಮಂಡಿಯೂರಿ. ಟಾರ್‌ಗೆ ಬರುವ ಮೊದಲು ಬಿಚ್ಚಬೇಕು. ಭಾವನಿಗೆ ಈ ಬಿಚ್ಚುವ ಕೆಲಸ ಕಂಡರೆ ಆಗುವುದಿಲ್ಲ.

ಆ ಚೈನ್ ವರ್ಷದಲ್ಲಿ ಬೇಕಾಗುವುದು ಮೂರು ವಾರ. ಎಂಟಿ ಹಾಕಿದ್ದರೆ ಉಳಿದ ನಲವತ್ತೊಂಬತ್ತು ವಾರವೂ ಅದರ ಗುಂಯ್ ಸದ್ದು ಕೇಳಿಕೊಂಡು ಘಾಟಿ ಇಳಿಯಬೇಕಿತ್ತು.

ಡಿಸೆಂಬರ್‌ನಲ್ಲಿ ಕುಯ್ಲು ನಡೆಯುತ್ತಿತ್ತು. ಚೀಲ ತುಂಬಿದ ಗಾಡಿಯನ್ನು ರಿವರ್ಸ್ ತೆಗೆಯುವಾಗ, ಕಡಿದುಹಾಕಿದ್ದ ಹಳೇ ರೋಬಸ್ಟಾ ಗಿಡದ ಬುಡ ಹಿಂದಿನ ಬಲ ಟೈರ್‌ನ ಪಕ್ಕಕ್ಕೆ ಸೇರಿತು. ಕತ್ತಿ ಓರೆಯಾಗಿ ಬೀಸಿ ಕಡಿದ ಬುಡ ಅದು, ಚೂಪು. ಮೂರು ಬೆರಳು ಉದ್ದದ ಸೀಳು, ಒಳಗಿನ ದಾರದ ಎಳೆ ಹೊರಗೆ ಕಾಣುತ್ತಿತ್ತು. ಪಕ್ಕದ ಗೋಡೆ ಸೀಳಿದರೆ ಪಂಕ್ಚರ್ ಹಾಕಿ ಓಡಿಸುವ ಹಾಗಿಲ್ಲ. ಗಾಡಿ ಓಡುವಾಗ ಬಗ್ಗಿ ಏಳುವ ಜಾಗವೇ ಅದು. ಟೈರ್ ಎಸೆಯಬೇಕಾಯಿತು. ಎಲ್‌ಟಿ ಆಗಿದ್ದರೆ ಬಹುಶಃ ಗೀಚು ಬಿದ್ದು ಉಳಿಯುತ್ತಿತ್ತು. ತೋಟದ ಗಾಡಿಗೆ ಗ್ರಿಪ್ ನೋಡಿದಷ್ಟೇ ಪಕ್ಕದ ಗೋಡೆಯನ್ನೂ ನೋಡಬೇಕಿತ್ತು. ಆ ಬುಡಗಳು ನನಗೆ ಹೊಸವಲ್ಲ, ನಮ್ಮ ತೋಟದಲ್ಲೂ ಇವೆ. ಆದರೂ ನಾನು ಕುಣಿತದ ಬಗ್ಗೆ ಯೋಚಿಸಿದೆ, ಬುಡದ ಬಗ್ಗೆ ಯೋಚಿಸಲಿಲ್ಲ. ಒಂದು ಟೈರ್‌ನ ದುಡ್ಡಿನಲ್ಲಿ ಅರ್ಧ ನಾನು ಕೊಡುತ್ತೇನೆ ಅಂದೆ. ಭಾವ ತೆಗೆದುಕೊಳ್ಳಲಿಲ್ಲ, ಆದರೆ ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಾರೆ.

ಮುಂದಿನ ಸಲ ಅದೇ ಅಳತೆಯಲ್ಲಿ ಎಲ್‌ಟಿ ಎಟಿ ಅಂತ ತೀರ್ಮಾನವಾಗಿದೆ. ಮೊನ್ನೆ ಗೇಜ್ ಇಟ್ಟು ನೋಡಿದಾಗ ಗ್ರಿಪ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇತ್ತು.

ಈ ವರ್ಷ ಆರಿದ್ರಾ ಮಳೆ ಹಿಡಿದಿದೆ. ನಿನ್ನೆ ರಾತ್ರಿ ಭಾವನ ಫೋನ್. ಹೂತಿದೆಯೇನೋ ಅಂತ ಎದ್ದು ಕೂತೆ. "ಚೈನಿನ ಒಂದು ಕೊಂಡಿ ಸವೆದಿದೆ ಮಾರಾಯ. ಬರುವಾಗ ಎರಡು ಕೊಂಡಿ ತಾ. ಮೂರೇ ತಾ, ಒಂದು ಇರ್ಲಿ."